ಕಷ್ಟದ ಬಾಲ್ ಹಿಡಿದು ಸುಲಭದ್ದನ್ನು ಬಿಡುವ ಇನ್‌ಫೀಲ್ಡರ್‌ಗಳು: ಗಮನ ಸಾಲದೋ, ಕಾಲು ಸಾಲದೋ?

ಎಡಗೈ ಗ್ಲೌ:
ಅಮೆರಿಕದಲ್ಲಿ ಮಕ್ಕಳನ್ನು ಬೇಸ್‌ಬಾಲ್‌ಗೆ ಸೇರಿಸಿರುವ ಕನ್ನಡದ ಅಪ್ಪ ಅಮ್ಮಂದಿರು, ಕೋಚಿಂಗ್ ಮಾಡುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಅದಕ್ಕೇ ಈ ಪ್ರಶ್ನೆ ಇಲ್ಲಿ ಹಾಕ್ತಿದ್ದೀನಿ.

13ರಿಂದ 15 ವಯಸ್ಸಿನ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವವನು), ಸೆಕೆಂಡ್ ಬೇಸ್ ಹುಡುಗರಲ್ಲಿ ಪದೇ ಪದೇ ಕಾಣುವ ಒಂದು ವಿಚಿತ್ರ ಇದೆ. ತಂಡದಲ್ಲೇ ಚುರುಕು ಕೈ, ಒಳ್ಳೆ ತೋಳು. ಥರ್ಡ್ ಬೇಸ್ ಕಡೆ ನಾಲ್ಕು ಹೆಜ್ಜೆ ಓಡಿ, ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಡಿದು, ಗಾಳಿಯಲ್ಲೇ ತಿರುಗಿ ಎಸೆದು ಔಟ್ ಮಾಡ್ತಾರೆ. ಮುಂದಿನ ಇನಿಂಗ್ಸ್‌ನಲ್ಲಿ ನೇರ ತಮ್ಮ ಕಡೆಗೇ ನೆಲದ ಮೇಲೆ ಮೂರು ಸಲ ಪುಟಿದು ಬಂದ ಗ್ರೌಂಡರ್ ಕಾಲಡಿ ಹೋಗುತ್ತೆ. ಒಂದು ಎರರ್ ಆದ ಮೇಲೆ ಅದರ ಹಿಂದೆಯೇ ಇನ್ನೊಂದು. ಮೈದಾನದ ಹೊರಗಿಂದ ಎಲ್ಲರೂ ಕೂಗೋದು ಒಂದೇ: "ಫೋಕಸ್!" ಹಾಗಂದರೆ ಆ ಹುಡುಗ ಏನು ಮಾಡಬೇಕು ಅಂತ ಯಾರೂ ಹೇಳಲ್ಲ.

ಇದು ಗಮನದ ಸಮಸ್ಯೆಯೋ, ಮೈಗಳ್ಳತನವೋ, ಅಥವಾ ಆಟದ ಬುನಾದಿಯಲ್ಲೇ ಏನೋ ತಪ್ಪಿದೆಯೋ? ಅಭ್ಯಾಸದಲ್ಲಿ ಏನು ಬದಲಾಯಿಸಬೇಕು? ಲೆಕ್ಕ, ಅಳತೆ ಸಮೇತ ಹೇಳಿದರೆ ಉಪಕಾರ.

ಸ್ಕೋರ್‌ಬುಕ್:
ಮೊದಲು ಎರರ್ ಅಂದರೆ ಏನು ಅನ್ನೋದನ್ನ ಸರಿಮಾಡಿಕೊಳ್ಳೋಣ. ಮೇಜರ್ ಲೀಗ್ ನಿಯಮಾವಳಿಯ 9.12ನೇ ನಿಯಮದ ಪ್ರಕಾರ ಸಾಧಾರಣ ಪ್ರಯತ್ನದಿಂದ ಆಗಬೇಕಿದ್ದ ಔಟ್ ಫೀಲ್ಡರ್‌ನ ತಪ್ಪಿನಿಂದ ಆಗದೆ ಹೋದರೆ ಅಥವಾ ಅವನ ತಪ್ಪಿನಿಂದ ರನ್ನರ್‌ಗೆ ಹೆಚ್ಚಿನ ಬೇಸ್ ಸಿಕ್ಕರೆ ಎರರ್. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಬಹಳ ಜನ ಗಮನಿಸಲ್ಲ: ಮಾನಸಿಕ ತಪ್ಪು, ತಪ್ಪು ಅಂದಾಜು, ಇವಕ್ಕೆ ಸಾಮಾನ್ಯವಾಗಿ ಎರರ್ ಬರೆಯುವಂತಿಲ್ಲ. ನಿಧಾನವಾಗಿ ಬಾಲ್ ಎತ್ತಿಕೊಂಡು ರನ್ನರ್ ಬಚಾವಾದರೂ, ಕೈಯಿಂದ ಜಾರದಿದ್ದರೆ, ಅದೂ ಎರರ್ ಅಲ್ಲ.

ಅಂದರೆ ನೀವು ಕೇಳ್ತಿರುವ ಗಮನ, ಪ್ರಯತ್ನ ಎರಡೂ ಸ್ಕೋರ್‌ಬುಕ್‌ನಲ್ಲಿ ಕಾಣೋದೇ ಇಲ್ಲ. ಔಟ್ ಎಷ್ಟು ಅಂತ ಮರೆತು ತಪ್ಪು ಬೇಸ್‌ಗೆ ಎಸೆದವನ ಲೆಕ್ಕ ಶುದ್ಧ. ಯಾರೂ ತಲುಪದ ಬಾಲ್‌ಗೆ ಓಡಿ ಹೋಗಿ, ಮುಟ್ಟಿ, ಆತುರದಲ್ಲಿ ಎಸೆದು ಕೆಡಿಸಿದವನ ಹೆಸರಿಗೆ ಎರರ್. ಫೀಲ್ಡಿಂಗ್ ಶೇಕಡಾ ಅನ್ನೋದು ಪುಟ್‌ಔಟ್ (ತಾನೇ ಮಾಡಿದ ಔಟ್), ಅಸಿಸ್ಟ್ (ಎಸೆದು ಮಾಡಿಸಿದ ಔಟ್) ಕೂಡಿಸಿದ ಮೊತ್ತವನ್ನು, ಅದಕ್ಕೇ ಎರರ್ ಸೇರಿಸಿ ಬಂದ ಸಂಖ್ಯೆಯಿಂದ ಭಾಗಿಸಿದ ಲೆಕ್ಕ. ಅದರಲ್ಲಿ ತಲುಪದ ಬಾಲ್‌ಗೆ ಜಾಗವೇ ಇಲ್ಲ. ಪ್ರತಿಭಾವಂತ ಹುಡುಗನಿಗೆ ಎರರ್ ಹೆಚ್ಚಾಗೋದಕ್ಕೆ ಒಂದು ನ್ಯಾಯವಾದ ಕಾರಣವೇ ಇದು, ಅವನು ಹೆಚ್ಚು ಬಾಲ್ ಮುಟ್ಟುತ್ತಾನೆ.

ಆದ್ದರಿಂದ ಅಧಿಕೃತ ಎರರ್ ಲೆಕ್ಕ ಪಕ್ಕಕ್ಕಿಟ್ಟು ನಿಮ್ಮದೇ ಒಂದು ಹಾಳೆ ಮಾಡಿ. ಕೆಟ್ಟುಹೋದ ಪ್ರತಿ ಬಾಲ್‌ಗೂ ಆರರಲ್ಲಿ ಒಂದು ಕಾರಣ ಬರೆಯಿರಿ: ಕಾಲು, ಕಣ್ಣು, ಗ್ಲೌ, ಟ್ರಾನ್ಸ್‌ಫರ್ (ಗ್ಲೌನಿಂದ ಎಸೆಯುವ ಕೈಗೆ ಬಾಲ್ ತಗೊಳ್ಳೋದು), ಥ್ರೋ, ತೀರ್ಮಾನ. ಪಕ್ಕದಲ್ಲಿ ಯಾವ ಇನಿಂಗ್ಸ್, ಆ ಹುಡುಗನ ಕಡೆ ಹಿಂದಿನ ಬಾಲ್ ಬಂದು ಎಷ್ಟು ಪಿಚ್ (ಪಿಚರ್‌ನ ಎಸೆತ) ಆಗಿತ್ತು. ಆರೆಂಟು ಪಂದ್ಯ ಬರೆದರೆ ಸಾಕು, ಕಾಯಿಲೆ ಎಲ್ಲಿದೆ ಅಂತ ಹಾಳೆಯೇ ಹೇಳುತ್ತೆ. ಒಬ್ಬನ ತಪ್ಪೆಲ್ಲ ಕಾಲಿನದ್ದು, ಇನ್ನೊಬ್ಬನದು ಬರೀ ಟ್ರಾನ್ಸ್‌ಫರ್, ಮತ್ತೊಬ್ಬನದು 20 ಪಿಚ್ ಸುಮ್ಮನೆ ನಿಂತ ಮೇಲೆ ಬಂದ ಬಾಲ್. ಮೂವರಿಗೂ "ಫೋಕಸ್" ಅಂತ ಒಂದೇ ಔಷಧ ಕೊಟ್ಟರೆ ಯಾರಿಗೂ ಗುಣ ಆಗಲ್ಲ.

ಆರನೇ ನಂಬರ್:
ಸ್ಕೋರ್‌ಬುಕ್ ಅವರೇ, ಆ ಕೊನೆಯ ಮಾತನ್ನೇ ಮುಂದುವರಿಸ್ತೀನಿ.

ಹೈಸ್ಕೂಲ್ ಪಂದ್ಯ 7 ಇನಿಂಗ್ಸ್. ಫೀಲ್ಡಿಂಗ್ ತಂಡದ ಪಿಚರ್‌ಗಳೆಲ್ಲ ಸೇರಿ ಹೆಚ್ಚುಕಡಿಮೆ 100 ಪಿಚ್ ಹಾಕ್ತಾರೆ. ಶಾರ್ಟ್‌ಸ್ಟಾಪ್ ಕಡೆ ಬರೋದು ಮೂರೋ ನಾಲ್ಕೋ ಐದೋ. ಉಳಿದ 95 ಸಲ ಅವನು ಸಿದ್ಧನಾಗಬೇಕು, ಏನೂ ಆಗಲ್ಲ, ಮತ್ತೆ ಸಿದ್ಧನಾಗಬೇಕು. ಎರಡು ಗಂಟೆ ಕಾಲ ಬಿಡದೆ ಗಮನ ಇಡೋದು ಯಾರ ಕೈಲೂ ಆಗಲ್ಲ, ಇಡಬೇಕಾಗಿಯೂ ಇಲ್ಲ. ಬೇಕಿರೋದು ನೂರು ಸಲ ಸ್ವಿಚ್ ಹಾಕಿ ತೆಗೆಯುವ ಕಲೆ. ಒಂದೊಂದು ಸಲಕ್ಕೂ ನಾಲ್ಕೈದು ಸೆಕೆಂಡ್ ಮಾತ್ರ.

ಆ ಸ್ವಿಚ್ ಇರೋದು ಕಾಲಿನಲ್ಲಿ. ಪಿಚರ್ ಕೈಯೆತ್ತುವಾಗ ಹುಡುಗ ನೆಟ್ಟಗೆ, ಸಡಿಲವಾಗಿ ನಿಂತಿರಲಿ. ಪಿಚರ್ ಮುಂದಕ್ಕೆ ಸಾಗಿದಾಗ ಬಲಗಾಲು, ಎಡಗಾಲು, ಎರಡು ಪುಟ್ಟ ಹೆಜ್ಜೆ ಮುಂದೆ. ಬಾಲ್ ಬ್ಯಾಟ್ ಹತ್ತಿರ ಬರುವಾಗ ಒಂದು ಸಣ್ಣ ಜಿಗಿತ, ನೆಲದಿಂದ ಒಂದೆರಡು ಅಂಗುಲ ಎದ್ದರೆ ಬೇಕಾದಷ್ಟಾಯ್ತು. ಬ್ಯಾಟ್‌ಗೆ ಬಾಲ್ ತಗುಲುವ ಕ್ಷಣಕ್ಕೆ ಎರಡೂ ಪಾದದ ಮುಂಭಾಗ ನೆಲ ಮುಟ್ಟಬೇಕು, ಮೊಣಕಾಲು ಬಾಗಿರಬೇಕು, ಹಿಮ್ಮಡಿ ಹಗುರ. ಟೆನಿಸ್‌ನಲ್ಲಿ ಸರ್ವ್ ತೆಗೆದುಕೊಳ್ಳುವವರು ಮಾಡುವ ಜಿಗಿತವೇ ಇದು. ಬೇಗ ಇಳಿದರೆ ಮೈ ಮತ್ತೆ ಕಲ್ಲಾಗುತ್ತೆ. ತಡವಾಗಿ ಇಳಿದರೆ ಬಾಲ್ ಹೊರಟಾಗ ಇನ್ನೂ ಗಾಳಿಯಲ್ಲಿರ್ತಾನೆ.

ಕಣ್ಣಿಗೂ ಇದೇ ಕ್ರಮ. ಮೊದಲು ಪಿಚರ್‌ನ ಮೇಲೆ ಸಡಿಲವಾದ ನೋಟ. ಕೈಯಿಂದ ಬಾಲ್ ಬಿಟ್ಟ ಮೇಲೆ ಅದನ್ನು ಹಿಂಬಾಲಿಸದೆ, ಪ್ಲೇಟ್ (ಬ್ಯಾಟ್ಸ್‌ಮನ್ ನಿಲ್ಲುವ ಕಡೆಯ ಬೇಸ್) ಮುಂದೆ ಬ್ಯಾಟ್ ಬಾಲ್ ಸೇರುವ ಜಾಗಕ್ಕೆ ನೋಟ ಜಿಗಿಯಬೇಕು.

ಪ್ರತಿಭಾವಂತರೇ ಇದನ್ನು ಬಿಡೋದು ಯಾಕೆ ಅಂದರೆ 10, 11ನೇ ವಯಸ್ಸಿನಲ್ಲಿ ಅವರಿಗೆ ಇದು ಬೇಕಾಗಲೇ ಇಲ್ಲ. ಬೇಸ್‌ನಿಂದ ಬೇಸ್‌ಗೆ 60 ಅಡಿ ಇರುವ ಮೈದಾನದಲ್ಲಿ ಹಿಮ್ಮಡಿ ಮೇಲೆ ನಿಂತಿದ್ದರೂ ಕೈಚುರುಕು ಕಾಪಾಡ್ತಿತ್ತು. ಸಾಧಾರಣ ಹುಡುಗ ಕಾಲು ಸರಿಯಿಲ್ಲದಿದ್ದರೆ ಅವತ್ತೇ ಬಾಲ್ ಬಿಟ್ಟು ಅವತ್ತೇ ಕಲಿತ. ಇವನಿಗೆ ಕಲಿಯುವ ಅಗತ್ಯವೇ ಬೀಳಲಿಲ್ಲ. 90 ಅಡಿ ಮೈದಾನಕ್ಕೆ ಬಂದ ಮೇಲೆ ಸಾಲ ಬಡ್ಡಿ ಸಮೇತ ಬಂತು.

ಪರೀಕ್ಷೆ ಮಾಡೋಕೆ ಫೋನ್ ಸಾಕು. ಫಸ್ಟ್ ಬೇಸ್ ಪಕ್ಕದ ಬೇಲಿಯ ಹತ್ತಿರ ನಿಂತು, ಬ್ಯಾಟ್ಸ್‌ಮನ್ ಮತ್ತು ಶಾರ್ಟ್‌ಸ್ಟಾಪ್ ಇಬ್ಬರೂ ಚೌಕಟ್ಟಿನಲ್ಲಿ ಬರುವ ಹಾಗೆ ಸ್ಲೋ ಮೋಷನ್‌ನಲ್ಲಿ ಒಂದು ಇನಿಂಗ್ಸ್ ತೆಗೆಯಿರಿ. ಬ್ಯಾಟ್ ತಗುಲಿದ ಚೌಕಟ್ಟಿನಲ್ಲಿ ನಿಲ್ಲಿಸಿ ಪಾದ ನೋಡಿ. ಮೊದಲ ಇನಿಂಗ್ಸ್ ಬೇಡ, ಐದನೆಯದು ತೆಗೆಯಿರಿ. ಮೊದಲನೆಯದರಲ್ಲಿ ಎಲ್ಲರೂ ಸರಿಯಾಗೇ ಇರ್ತಾರೆ.

ಹುಬ್ಬಳ್ಳಿ ಟು ಹ್ಯೂಸ್ಟನ್:
ಭಾಳ ಛಲೋ ಹೇಳಿದ್ರಿ. ನಾ ಬಾಲ್ ಹೊಡದ ಮ್ಯಾಲಿನ ಮಾತು ಹೇಳ್ತೀನ್ರಿ.

ಗ್ರೌಂಡರ್‌ಗೆ ಮೂರು ಥರದ ಪುಟ ಇರ್ತಾವ. ನೆಲದಿಂದ ಎದ್ದ ಕೂಡ್ಲೆ, ಒಂದ್ ಗೇಣಿನ ಒಳಗ ಹಿಡಿಯೂದು ಶಾರ್ಟ್ ಹಾಪ್, ಅದು ಸುಲಭ. ಮ್ಯಾಲೆ ಎದ್ದು ಇಳಿಯೂ ಹೊತ್ತಿಗೆ ಹಿಡಿಯೂದು ಲಾಂಗ್ ಹಾಪ್, ಅದೂ ಸುಲಭ. ನಡುವಿನದು, ಮೊಣಕಾಲ ಕಡೆ ಏರಕೋತ ಬರೂದು ಐತಲ್ಲ, ಅದ ಕೊಲ್ಲೂದು. ಮೂರನೇದು ಬಂತಂದ್ರ ಪುಟ ಕೆಟ್ಟದಿತ್ತು ಅಂತ ಹುಡುಗುರು ನೆಲಕ್ಕ ಬೈತಾರ. ಹತ್ತರಾಗ ಎಂಟು ಸಲ ನೆಲದ ತಪ್ಪಲ್ರಿ, ಕಾಲು ನಿಂತಿದ್ದಕ್ಕ ಆ ಪುಟ ಸಿಕ್ಕಿರ್ತದ. ಒಂದ್ ಹೆಜ್ಜೆ ಮುಂದ ಹೋಗಿದ್ರ ಶಾರ್ಟ್ ಹಾಪ್, ಅರ್ಧ ಹೆಜ್ಜೆ ಹಿಂದ ಸರದಿದ್ರ ಲಾಂಗ್ ಹಾಪ್. ಕೈ ಛಲೋ ಇದ್ದ ಹುಡುಗ "ಬರಲಿ, ಹಿಡೀತೀನಿ" ಅಂತ ನಿಂತ್ಕೊಂಡಬಿಡ್ತಾನ. ಆವಾಗ ಪುಟ ಆರಿಸೂದು ಬಾಲು, ಹುಡುಗಲ್ಲ.

ಬಲಗೈ ಎಸೆತಗಾರ ಬಾಲಿನ ನೇರಕ್ಕ ಓಡಬಾರದು. ಬಾಲಿನ ಬಲಕ್ಕ ಸ್ವಲ್ಪ ಬಳಸಿ, ಬಾಳೆಹಣ್ಣಿನ ಹಂಗ ಬಾಗಿದ ದಾರಿ ಹಿಡದು ಬರಬೇಕು. ಹಂಗ ಬಂದ್ರ ಹಿಡಿಯೂ ಹೊತ್ತಿಗೆ ಮೈ ಫಸ್ಟ್ ಬೇಸ್ ಕಡೆ ಹೊಂಟಿರ್ತದ. ಕೊನೀ ಹೆಜ್ಜಿ ಬಲ, ಎಡ, ಹಿಡಿ. ಮತ್ತ ಬಲ, ಎಡ, ಎಸಿ. ಕಾಲು ಭುಜಕ್ಕಿಂತ ಅಗಲ, ಎಡಗಾಲು ಒಂಚೂರು ಮುಂದ, ಸೊಂಟ ಕೆಳಗ, ಗ್ಲೌ ಮೂಗಿಗಿಂತ ಮುಂದ ಮಣ್ಣಿನ ಮ್ಯಾಲೆ ಮೊದಲ ಇಟ್ಟಿರಬೇಕು. ಗ್ಲೌ ಕೆಳಗಿಂದ ಮ್ಯಾಲೆ ಬರೂದು ಸುಲಭ, ಮ್ಯಾಲಿಂದ ಕೆಳಗ ಹೋಗೂದ್ರಾಗ ಬಾಲು ದಾಟಿರ್ತದ.

ಇನ್ನೊಂದು, ನಮ್ಮ ಮಂದಿ ಮನಿ ಹಿತ್ತಲದಾಗ ಕ್ರಿಕೆಟ್ ಪದ್ಧತಿ ಕಲಸ್ತಾರ, ಒಂದ್ ಮೊಣಕಾಲು ನೆಲಕ್ಕ ಊರಿ ಅಡ್ಡ ಗೋಡೆ ಕಟ್ಟೂದು. ಬೌಂಡರಿ ತಡಿಯಾಕ ಅದು ಸರಿ. ಇಲ್ಲಿ ಮೊಣಕಾಲು ಊರಿದ್ರ ಎದ್ದು ಎಸಿಯೂದ್ರಾಗ ರನ್ನರ್ ಬೇಸ್ ಮುಟ್ಟಿರ್ತಾನ. ಅದನ್ನ ಬಿಡಸ್ರಿ.

ಫಂಗೋ:
ಈಗ ಅಭ್ಯಾಸದ ವಿಷಯ. ಇದರಲ್ಲಿ ರಾನ್ ವಾಷಿಂಗ್ಟನ್ ಹೆಸರು ಹೇಳದೆ ಮುಂದೆ ಹೋಗೋಕಾಗಲ್ಲ. ಟೆಕ್ಸಸ್ ರೇಂಜರ್ಸ್ ಮ್ಯಾನೇಜರ್ ಆಗಿದ್ದವರು, ಇನ್‌ಫೀಲ್ಡ್ ಕಲಿಸೋದರಲ್ಲಿ ಈ ಕಾಲದ ದೊಡ್ಡ ಗುರು. 2015ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಮಾರ್ಕಸ್ ಸೆಮಿಯನ್ ಶಾರ್ಟ್‌ಸ್ಟಾಪ್‌ನಲ್ಲಿ 35 ಎರರ್ ಮಾಡಿದರು, ಆ ವರ್ಷ ಮೇಜರ್ ಲೀಗ್‌ನಲ್ಲೇ ಅತಿ ಹೆಚ್ಚು. ಅದೇ ಋತುವಿನ ಮಧ್ಯೆ ಕೋಚ್ ಆಗಿ ಬಂದ ವಾಷಿಂಗ್ಟನ್ ಸೆಮಿಯನ್‌ರನ್ನು ಪಂದ್ಯಕ್ಕೆ ಮುಂಚೆ ದಿನವೂ ಮೊಣಕಾಲ ಮೇಲೆ ಕೂರಿಸಿ, ಹತ್ತಿರದಿಂದ ಶಾರ್ಟ್ ಹಾಪ್ ಕೊಟ್ಟು, ಅ ಆ ಇ ಈಯಿಂದ ಶುರುಮಾಡಿದರು. ಅದೇ ಸೆಮಿಯನ್ 2021ರಲ್ಲಿ ಟೊರಾಂಟೋ ಪರ ಸೆಕೆಂಡ್ ಬೇಸ್‌ನಲ್ಲಿ ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೌ ಪ್ರಶಸ್ತಿ ಗೆದ್ದರು. ಮೇಜರ್ ಲೀಗ್ ಆಟಗಾರನೇ ಮಂಡಿಯೂರಿ ಕಲಿತಿದ್ದಾನೆ ಅಂದಮೇಲೆ 14 ವರ್ಷದ ಹುಡುಗನಿಗೆ ಅದು ಚಿಕ್ಕಮಕ್ಕಳ ಆಟ ಅನ್ನಿಸಬಾರದು. (ಹುಬ್ಬಳ್ಳಿಯವರು ಬೇಡ ಅಂದಿದ್ದು ಪಂದ್ಯದಲ್ಲಿ ಒಂದು ಮೊಣಕಾಲು ಊರೋದನ್ನ. ಇದು ಎರಡೂ ಮೊಣಕಾಲು ಊರಿ ಕೈ ಮಾತ್ರ ತಿದ್ದುವ ಕಸರತ್ತು, ಗೊಂದಲ ಬೇಡ.)

ಕ್ರಮ ಹೀಗಿರಲಿ. 10ರಿಂದ 12 ಅಡಿ ದೂರದಲ್ಲಿ ಜೊತೆಗಾರ. ಎರಡೂ ಮೊಣಕಾಲು ನೆಲಕ್ಕೆ. 9 ಅಥವಾ 9.5 ಅಂಗುಲದ ಅಭ್ಯಾಸದ ಗ್ಲೌ, ಅಥವಾ ಚಪ್ಪಟೆ ಗ್ಲೌ. ಎದುರಿಗೆ 10, ಗ್ಲೌ ಬದಿಗೆ 10, ಬ್ಯಾಕ್‌ಹ್ಯಾಂಡ್ 10, ಎಲ್ಲವೂ ಶಾರ್ಟ್ ಹಾಪ್. ಕೈ ಬಾಲ್ ಕಡೆ ಮೆಲ್ಲಗೆ ಮುಂದಕ್ಕೆ ಹೋಗಬೇಕು, ಕುಕ್ಕಬಾರದು. ಆಮೇಲೆ ಎದ್ದು ನಿಂತು ಅದೇ ಮೂವತ್ತು. ಕೊನೆಗೆ 30 ಅಡಿ ದೂರದಿಂದ ಕೈಯಲ್ಲಿ ಉರುಳಿಸಿದ ಬಾಲ್‌ಗೆ ಬಲ ಎಡ ಹೆಜ್ಜೆ, ಐದೈದರ ನಾಲ್ಕು ಸುತ್ತು. ಒಟ್ಟು 15 ನಿಮಿಷ. ವಾರಕ್ಕೆ ಮೂರು ದಿನ ಸಾಕು, ಆದರೆ ಬಿಡುವಂತಿಲ್ಲ. ಉರುಳಿಸಿದ ಬಾಲ್‌ನಲ್ಲಿ ಕಾಲು ಕೂರದ ಹುಡುಗನಿಗೆ ಬ್ಯಾಟ್‌ನಿಂದ ಹೊಡೆದು ಕೊಡೋದರಲ್ಲಿ ಅರ್ಥವಿಲ್ಲ.

ಕಣ್ಣಿನ ತಪ್ಪಿಗೆ ಎರಡು ಉಪಾಯ. ಒಂದು, ಬಾಲ್ ಗ್ಲೌ ಸೇರುವಾಗ ಹೊಡೆದುಕೊಡುವವರಿಗೆ ಹುಡುಗನ ಟೋಪಿಯ ನೆತ್ತಿಯ ಗುಂಡಿ ಕಾಣಬೇಕು. ಗುಂಡಿ ಕಾಣದೆ ಮುಖ ಕಂಡರೆ ಅವನು ಆಗಲೇ ರನ್ನರ್‌ನ ನೋಡ್ತಿದ್ದಾನೆ ಅಂತ ಅರ್ಥ. ಎರಡು, ಆರೇಳು ಬಾಲ್ ಮೇಲೆ ಮಾರ್ಕರ್‌ನಲ್ಲಿ ಕೆಂಪು, ನೀಲಿ, ಕಪ್ಪು ದೊಡ್ಡ ಚುಕ್ಕೆ ಹಾಕಿ. ಹಿಡಿಯುವಾಗ ಬಣ್ಣ ಕೂಗಬೇಕು. ಹಿಡಿದು ಬಣ್ಣ ಹೇಳದಿದ್ದರೆ ಆ ಬಾಲ್ ಲೆಕ್ಕಕ್ಕಿಲ್ಲ.

ಈಗ ಗಮನ. ಬಹುತೇಕ ತಂಡಗಳು ತಪ್ಪುವುದೇ ಇಲ್ಲಿ. 10 ನಿಮಿಷದಲ್ಲಿ 60 ಗ್ರೌಂಡರ್ ಹೊಡೆದು ಒಳ್ಳೆ ಅಭ್ಯಾಸ ಆಯ್ತು ಅಂದುಕೊಳ್ತಾರೆ. ಅದರಿಂದ ಕೈ ಕಾಲು ಕಲೀತಾವೆ, ಗಮನ ಕಲಿಯಲ್ಲ, ಯಾಕಂದರೆ ಮುಂದಿನ ಬಾಲ್ ನನಗೇ ಬರುತ್ತೆ ಅಂತ ಹುಡುಗನಿಗೆ ಗೊತ್ತು. ಪಂದ್ಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಅದೊಂದೇ. ಆದ್ದರಿಂದ ವಾರಕ್ಕೊಮ್ಮೆ ಖಾಲಿ ಪಿಚ್ ಸುತ್ತು ಮಾಡಿ. ನಾಲ್ಕೂ ಇನ್‌ಫೀಲ್ಡರ್‌ಗಳು ಜಾಗದಲ್ಲಿ. ಪಿಚರ್ ಜಾಗದಲ್ಲಿ ಒಬ್ಬ ಬರಿಗೈಯಲ್ಲಿ ಎಸೆದಂತೆ ಮಾಡ್ತಾನೆ, ಪ್ಲೇಟ್‌ನಲ್ಲಿ ಕೋಚ್ ಫಂಗೋ ಬ್ಯಾಟ್ (ಅಭ್ಯಾಸಕ್ಕೆ ಬಾಲ್ ಹೊಡೆದುಕೊಡುವ ಹಗುರ ಬ್ಯಾಟ್) ಬೀಸ್ತಾರೆ. ಎರಡು ಪಿಚ್ ನಡುವೆ 15ರಿಂದ 20 ಸೆಕೆಂಡ್. ಆರು ಪಿಚ್‌ಗೆ ಒಂದು ಮಾತ್ರ ನಿಜವಾದ ಬಾಲ್, ಅದೂ ಯಾರ ಕಡೆ ಅಂತ ಗೊತ್ತಿಲ್ಲ. ಪ್ರತಿ ಪಿಚ್‌ಗೆ ಮುಂಚೆ ಕೋಚ್ ಪರಿಸ್ಥಿತಿ ಕೂಗಬೇಕು, ಒಂದು ಔಟ್, ಫಸ್ಟ್‌ನಲ್ಲಿ ರನ್ನರ್, ಹೀಗೆ. 40 ಪಿಚ್ ಸುತ್ತಿಗೆ 12, 13 ನಿಮಿಷ ಹಿಡಿಯುತ್ತೆ. ಪಕ್ಕದಲ್ಲಿ ನಿಂತವರು ಬಾಲ್ ಹಿಡಿದರೋ ಬಿಟ್ಟರೋ ಎಣಿಸಬಾರದು, ಜಿಗಿತ ಇತ್ತೋ ಇಲ್ಲವೋ ಅದನ್ನ ಮಾತ್ರ ಎಣಿಸಬೇಕು. ಹುಡುಗರಿಗೆ ಬೇಜಾರಾಗುತ್ತೆ. ಆ ಬೇಜಾರಿನಲ್ಲೂ ಜಿಗಿಯೋದನ್ನೇ ನಾವು ಕಲಿಸ್ತಿರೋದು.

ಸಂಜೆ ಮೈದಾನ:
ಎಲ್ಲರೂ ತಂತ್ರದ ಬಗ್ಗೆಯೇ ಬರೆದಿದ್ದೀರಿ. ಪ್ರಯತ್ನದ ಮಾತು ಬಂದೇ ಇಲ್ಲ. ಕೆಲವು ಹುಡುಗರು ನಿಜಕ್ಕೂ ಮೈ ಬಗ್ಗಿಸಲ್ಲ, ಅದನ್ನ ಹಾಗೇ ಹೇಳಬೇಕು.

ಪ್ರಯತ್ನ ಕಾಣೋದು ಬಾಲ್ ತನ್ನ ಕಡೆ ಬಾರದಿದ್ದಾಗ. ಬೇಸ್‌ನಲ್ಲಿ ರನ್ನರ್ ಇದ್ದಾಗ ಕ್ಯಾಚರ್ ಪ್ರತಿ ಸಲ ಪಿಚರ್‌ಗೆ ಬಾಲ್ ವಾಪಸ್ ಎಸೆಯುವಾಗ ಶಾರ್ಟ್‌ಸ್ಟಾಪ್, ಸೆಕೆಂಡ್ ಬೇಸ್‌ಮನ್ ಇಬ್ಬರೂ ಪಿಚರ್ ಹಿಂದಕ್ಕೆ ನಾಲ್ಕು ಹೆಜ್ಜೆ ಬರಬೇಕು. ಬಂಟ್ (ಬ್ಯಾಟ್ ಬೀಸದೆ ಬಾಲನ್ನು ಮೆಲ್ಲಗೆ ಮುಂದೆ ಬೀಳಿಸೋದು) ಆದರೆ ಸೆಕೆಂಡ್ ಬೇಸ್‌ಮನ್ ಫಸ್ಟ್ ಬೇಸ್‌ಗೆ ಓಡಬೇಕು. ಔಟ್‌ಫೀಲ್ಡರ್‌ಗಳ ನಡುವಿನ ಗ್ಯಾಪ್‌ಗೆ ಹೊಡೆದ ಖಚಿತ ಡಬಲ್‌ನಲ್ಲಿ (ಎರಡು ಬೇಸ್‌ನ ಹೊಡೆತ) ಅವರ ಥ್ರೋ ಹಿಡಿದು ದಾಟಿಸುವ ರಿಲೇಗೆ ಒಬ್ಬ ಹೋದರೆ, ಇನ್ನೊಬ್ಬ ಅವನ ಹಿಂದೆ ಸುಮಾರು 30 ಅಡಿಯಲ್ಲಿ ಕಾವಲು. ಸೆಕೆಂಡ್ ಬೇಸ್ ಯಾರು ಮುಚ್ಚಬೇಕು ಅನ್ನೋದಕ್ಕೆ ಗ್ಲೌ ಅಡ್ಡ ಹಿಡಿದು ಬಾಯಿ ಸನ್ನೆ: ಬಾಯಿ ಮುಚ್ಚಿದರೆ ನಾನು, ತೆರೆದರೆ ನೀನು. ಈ ಸನ್ನೆ ಪ್ರತಿ ಬ್ಯಾಟ್ಸ್‌ಮನ್‌ಗೂ ಆಗಬೇಕು. ಇದಕ್ಕೆಲ್ಲ ಪ್ರತಿಭೆ ಬೇಡ, ಮನಸ್ಸು ಬೇಕು.

ಎರಡು ಇನಿಂಗ್ಸ್ ಆರಿಸಿ ಒಬ್ಬನನ್ನೇ ನೋಡಿ. ಪ್ರತಿ ಪಿಚ್‌ಗೆ ಅವನ ಕೆಲಸ ಮಾಡಿದನಾ? 1 ಅಥವಾ 0. ಮೂವತ್ತು ಪಿಚ್‌ನಲ್ಲಿ 27 ಬಂದರೆ ಅವನ ಎರರ್ ಬಗ್ಗೆ ಬಾಯಿ ಮುಚ್ಚಿಕೊಂಡು ಕಲಿಸಬೇಕು. 15 ಬಂದರೆ ಒಂದು ಇನಿಂಗ್ಸ್ ಬೆಂಚ್. ನಿಯಮ ಋತುವಿನ ಮೊದಲ ದಿನವೇ ಎಲ್ಲರಿಗೂ ಹೇಳಿರಬೇಕು, ತಂಡದ ಸ್ಟಾರ್‌ಗೂ ಹತ್ತನೆಯವನಿಗೂ ಒಂದೇ. ಬಾಲ್ ಬಿಟ್ಟಿದ್ದಕ್ಕೆ ಯಾವತ್ತೂ ಕೂರಿಸಬಾರದು, ಓಡದಿದ್ದಕ್ಕೆ ಕೂರಿಸಬೇಕು.

ಆರನೇ ನಂಬರ್:
ಸಂಜೆ ಮೈದಾನ ಅವರೇ, ಅಂಕೆಯಿಂದ ಅಳೆಯೋದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮುಖ ನೋಡಿ ಅಳೆಯೋದಕ್ಕೆ ಇಲ್ಲ. ಸಲೀಸಾಗಿ ಆಡುವ ಹುಡುಗ ದೂರಕ್ಕೆ ಸೋಮಾರಿ ಥರ ಕಾಣ್ತಾನೆ. ಹಲ್ಲು ಕಚ್ಚಿ, ಬೆವರು ಸುರಿಸಿ, ಪ್ರತಿ ಬಾಲ್‌ಗೂ ಡೈವ್ ಹೊಡೆಯುವವನು ಶ್ರದ್ಧಾವಂತನಂತೆ ಕಾಣ್ತಾನೆ. ಮೊದಲ ಹೆಜ್ಜೆ ತಡವಾಗಿ ಇಟ್ಟವನೇ ಎಷ್ಟೋ ಸಲ ಡೈವ್ ಹೊಡೆಯಬೇಕಾಗಿ ಬರೋದು.

"ಇನ್ನೂ ಜೋರು, ಇನ್ನೂ ಜೋರು" ಅಂತ ಕೂಗಿದರೆ ಇನ್ನೊಂದು ರೋಗ ಶುರುವಾಗುತ್ತೆ, ಆತುರ. ಇದಕ್ಕೆ ಗಡಿಯಾರ ತೋರಿಸಿ. 90 ಅಡಿಗೆ ಮೇಜರ್ ಲೀಗ್‌ನ ಸರಾಸರಿ ಬಲಗೈ ಬ್ಯಾಟ್ಸ್‌ಮನ್ ಪ್ಲೇಟ್‌ನಿಂದ ಫಸ್ಟ್ ಬೇಸ್‌ಗೆ ಸುಮಾರು 4.3 ಸೆಕೆಂಡ್ ತಗೋತಾನೆ. ಹೈಸ್ಕೂಲ್ ಹುಡುಗರಲ್ಲಿ ಹೆಚ್ಚಿನವರು ಅದಕ್ಕಿಂತ ನಿಧಾನ. ಗಂಟೆಗೆ 70 ಮೈಲಿ ವೇಗದ ಥ್ರೋ 120 ಅಡಿ ದಾಟೋಕೆ ಸುಮಾರು ಒಂದೂಕಾಲು ಸೆಕೆಂಡ್. ಹಿಡಿದು, ಹೆಜ್ಜೆ ಸರಿಸಿ, ಕೈಯಿಂದ ಬಿಡೋಕೆ ಒಂದು ಸೆಕೆಂಡ್ ಇಟ್ಟುಕೊಳ್ಳಿ. ಆದರೂ ಬಾಲ್ ತನ್ನ ಹತ್ತಿರ ಬರೋಕೆ ಎರಡು ಸೆಕೆಂಡ್ ಮಿಗುತ್ತೆ. ಅಭ್ಯಾಸದಲ್ಲಿ ಸ್ಟಾಪ್‌ವಾಚ್ ಹಿಡಿದು, ಬ್ಯಾಟ್ ಶಬ್ದದಿಂದ ಫಸ್ಟ್ ಬೇಸ್ ಗ್ಲೌ ಶಬ್ದದವರೆಗೆ ಅಳೆದು ಕೂಗಿ ಹೇಳಿ: 3.7, 3.9, 4.1. ತನ್ನ ಹತ್ತಿರ ಎಷ್ಟು ಸಮಯ ಇದೆ ಅಂತ ಹುಡುಗನ ಮೈಗೆ ಗೊತ್ತಾಗಬೇಕು. ನೇರ ಬಂದ ಬಾಲ್‌ನ ಆತುರದಲ್ಲಿ ಕೆಡಿಸೋದು ಆಗ ತಾನಾಗಿ ಕಡಿಮೆಯಾಗುತ್ತೆ. ನಿಧಾನದ ರೋಲರ್ ಬೇರೆ ಕಥೆ, ಅಲ್ಲಿ ಮಾತ್ರ ಓಡ್ತಾ ಎಸೆಯಬೇಕು.

ಮೊಣಕೈ:
ದೇಹದ ಕಡೆಯಿಂದ ಒಂದೆರಡು ಮಾತು. ಕಳೆದ ಋತುವಿನಲ್ಲಿ ಚೆನ್ನಾಗಿದ್ದವನು ಈ ಋತುವಿನಲ್ಲಿ ಇದ್ದಕ್ಕಿದ್ದ ಹಾಗೆ ಎಡವಟ್ಟು ಮಾಡ್ತಿದ್ದರೆ ಮೊದಲು ಎತ್ತರ ಅಳೆಯಿರಿ. 13, 14ರ ಸುಮಾರಿಗೆ ಹುಡುಗರು ಸರಸರ ಬೆಳೆಯುವಾಗ ಕಾಲು ಕೈ ಉದ್ದ ಬದಲಾಗಿರುತ್ತೆ, ಹಳೆಯ ಲೆಕ್ಕ ಕೂಡಿಬರಲ್ಲ. ಕೆಲವು ತಿಂಗಳ ಮಾತು, ಅಷ್ಟರಲ್ಲಿ ಸೋಮಾರಿ ಅನ್ನೋ ಹಣೆಪಟ್ಟಿ ಅಂಟಿಸಬೇಡಿ.

ಥ್ರೋ ಮಾತ್ರ ಕೆಟ್ಟಿದ್ದರೆ ನೋವಿದೆಯಾ ಕೇಳಿ. ಮೊಣಕೈಯ ಒಳಬದಿ, ಭುಜದ ಮೇಲ್ಭಾಗ. ಸ್ಟಾರ್ ಆಟಗಾರರು ಪಿಚಿಂಗೂ ಮಾಡ್ತಾರೆ, ನೋವು ಮುಚ್ಚಿಡ್ತಾರೆ, ತೋಳು ಕೆಳಗಿಳಿಸಿ ಎಸೀತಾರೆ. ನೋವಿದ್ದರೆ ವೈದ್ಯರು, ಅಭ್ಯಾಸ ಅಲ್ಲ. ಕಣ್ಣಿನ ಪರೀಕ್ಷೆ ವರ್ಷಕ್ಕೊಮ್ಮೆ ಇರಲಿ, ದೀಪದ ಬೆಳಕಿನ ಪಂದ್ಯಗಳಲ್ಲೇ ಎರರ್ ಹೆಚ್ಚಿದ್ದರೆ ತಡಮಾಡಬೇಡಿ.

ಇನ್ನು ನಿದ್ದೆ. 13ರಿಂದ 18ರವರಿಗೆ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೇಳೋದು ದಿನಕ್ಕೆ 8ರಿಂದ 10 ಗಂಟೆ. ಶುಕ್ರವಾರ ರಾತ್ರಿ ಒಂದು ಗಂಟೆಗೆ ಮಲಗಿ ಶನಿವಾರ ಬೆಳಿಗ್ಗೆ 8ಕ್ಕೆ ಟೂರ್ನಮೆಂಟ್ ಆಡುವವನಿಗೆ ಏಕಾಗ್ರತೆ ಎಲ್ಲಿಂದ ಬರಬೇಕು?

ಎಡಗೈ ಗ್ಲೌ:
ಎಲ್ಲರಿಗೂ ಧನ್ಯವಾದ. ಥ್ರೋ ಬಗ್ಗೆ ಇನ್ನೂ ಬಿಡಿಸಿ ಹೇಳಿ. 60 ಅಡಿಯಿಂದ 90ಕ್ಕೆ ಬಂದವರಲ್ಲಿ ಹಿಡಿತಕ್ಕಿಂತ ಎಸೆತದ್ದೇ ಗೋಳು ಹೆಚ್ಚು. ಹಾಗೆಯೇ ಎರರ್ ಆದ ಮೇಲಿನ ಆ ಎರಡನೇ ಎರರ್ ತಡೆಯೋದು ಹೇಗೆ?

ಫಂಗೋ:
ಅಳತೆ ನೋಡಿದರೇ ಗೊತ್ತಾಗುತ್ತೆ. 60 ಅಡಿ ಮೈದಾನದಲ್ಲಿ ಥರ್ಡ್‌ನಿಂದ ಫಸ್ಟ್‌ಗೆ 85 ಅಡಿಗೆ ಕೊಂಚ ಕಮ್ಮಿ. 90ರಲ್ಲಿ 127 ಅಡಿ ಮೇಲೆ. ಹತ್ತಿರ ಹತ್ತಿರ ಒಂದೂವರೆ ಪಟ್ಟು. ಮೊದಲು ತೋಳೊಂದರಿಂದ ಆಗ್ತಿದ್ದದ್ದು ಈಗ ಕಾಲಿನ ಸಹಾಯ ಕೇಳುತ್ತೆ. ಹಿಡಿದ ಜಾಗದಲ್ಲೇ ಕಾಲು ನೆಟ್ಟು ಎಸೆದರೆ ಮುಂಭುಜ ಬೇಗ ತೆರೆದುಕೊಂಡು ಬಾಲ್ ಮೇಲಕ್ಕೆ, ಬಲಕ್ಕೆ ಹಾರುತ್ತೆ. ಬಲಗಾಲು ಎಡಗಾಲಿನ ಮುಂದೆ ಹಾದು ಗುರಿಯ ಕಡೆಗೆ ಅಡ್ಡಲಾಗಿ ಬೀಳಬೇಕು, ಎಡಗಾಲು ಗುರಿಯ ನೇರಕ್ಕೆ. ಎಸೆದ ಮೇಲೂ ಎರಡು ಹೆಜ್ಜೆ ಫಸ್ಟ್ ಕಡೆ ನಡೆದು ಹೋಗಲಿ. ಬೆರಳು ಹೊಲಿಗೆಗೆ ಅಡ್ಡಲಾಗಿ ಬರುವ ಫೋರ್ ಸೀಮ್ ಹಿಡಿತ. ಕೂತಲ್ಲಿ ನಿಂತಲ್ಲಿ ಗ್ಲೌಗೆ ಬಾಲ್ ಬಡಿದು, ನೋಡದೆ ಹೊಲಿಗೆ ಹುಡುಕುವುದನ್ನು ದಿನಕ್ಕೆ 50 ಸಲ ಮಾಡಿದರೆ ಬೆರಳಿಗೇ ಬರುತ್ತೆ.

ತಪ್ಪೋದಾದರೆ ಕೆಳಗೆ ತಪ್ಪಲಿ. ಒಂದು ಪುಟ ಬಿದ್ದು ಬಂದ ಥ್ರೋವನ್ನು ಒಳ್ಳೆ ಫಸ್ಟ್ ಬೇಸ್‌ಮನ್ ಎತ್ತಿಕೊಳ್ಳಬಹುದು, ತಲೆ ಮೇಲೆ ಹೋದದ್ದನ್ನು ಯಾರೂ ಹಿಡಿಯೋಕಾಗಲ್ಲ. ಅದಕ್ಕೆ ಫಸ್ಟ್ ಬೇಸ್‌ಮನ್‌ಗೆ ಪ್ರತಿ ಅಭ್ಯಾಸದಲ್ಲೂ 30 ಕೆಳಪುಟದ ಥ್ರೋ ಕೊಡಿ. ಶಾರ್ಟ್‌ಸ್ಟಾಪ್‌ನ ಎಷ್ಟೋ ಎರರ್ ಫಸ್ಟ್ ಬೇಸ್‌ಮನ್‌ನ ಗ್ಲೌನಿಂದ ತಪ್ಪುತ್ತೆ. ಮತ್ತೆ ಎಸೆಯದೆ ಇರೋದನ್ನೂ ಕಲಿಸಿ. ಜಾರಿದ ಬಾಲ್ ಎತ್ತಿ, ಆಗಲೇ ತಡವಾಗಿದೆ ಅಂತ ಗೊತ್ತಿದ್ದೂ ಎಸೆದರೆ ಒಂದು ಬೇಸ್ ಎರಡಾಗುತ್ತೆ. ತೋಳಿನಲ್ಲಿ ಬಲ ಇರುವವರಿಗೇ ಈ ಆಸೆ ಜಾಸ್ತಿ. ಸಿನ್ಸಿನಾಟಿಯ ಎಲಿ ಡಿ ಲಾ ಕ್ರೂಸ್‌ದು ಬೆರಗಾಗುವಂಥ ತೋಳು, 2024ರಲ್ಲಿ ಅವರದ್ದೂ 29 ಎರರ್.

ಸ್ಕೋರ್‌ಬುಕ್:
ಒಂದು ಎಚ್ಚರಿಕೆ ಸೇರಿಸ್ತೀನಿ. ಎಲ್ಲ ಥ್ರೋ ಎರರೂ ಒಂದೇ ಅಲ್ಲ. ಸ್ಟೀವ್ ಸ್ಯಾಕ್ಸ್ 1982ರ ಶ್ರೇಷ್ಠ ಹೊಸ ಆಟಗಾರ, 1983ರಲ್ಲಿ ಸೆಕೆಂಡ್ ಬೇಸ್‌ನಿಂದ ಫಸ್ಟ್‌ಗೆ ಎಸೆಯಲಾರದೆ 30 ಎರರ್, ಆಮೇಲೆ ಹೊರಬಂದರು. ಚಕ್ ನಾಬ್ಲಾಕ್ 1997ರ ಗೋಲ್ಡ್ ಗ್ಲೌ, 1999ರಲ್ಲಿ 26 ಎರರ್, 2001ಕ್ಕೆ ಎಡ ಔಟ್‌ಫೀಲ್ಡ್ ಸೇರಬೇಕಾಯ್ತು. ಇಬ್ಬರೂ ಸೆಕೆಂಡ್ ಬೇಸ್‌ಮನ್, ಇನ್‌ಫೀಲ್ಡ್‌ನ ಗಿಡ್ಡ ಥ್ರೋಗಳು ಅವರದ್ದು. ಸಮಯ ಹೆಚ್ಚಿದ್ದಾಗ ಯೋಚನೆ ಒಳಗೆ ನುಗ್ಗುತ್ತೆ. ಓಡ್ತಾ ಸರಿಯಾಗಿ ಎಸೆದು, ನಿಂತು ಎಸೆದಾಗ ತಪ್ಪುವ ಹುಡುಗನಿಗೆ "ಗುರಿ ನೋಡಿ ಎಸಿ" ಅನ್ನಬೇಡಿ, ಇನ್ನೂ ಬಿಗಿಯಾಗ್ತಾನೆ. ಹಿಡಿ, ಹೆಜ್ಜೆ, ಎಸಿ ಅನ್ನೋ ತಾಳ ಮಾತ್ರ ಕೊಡಿ, ನಡುವೆ ಗ್ಲೌ ತಟ್ಟಿಕೊಳ್ಳುವ ಚಟ ಬಿಡಿಸಿ. ಹಾಗೂ ಆಗದಿದ್ದರೆ ಕ್ರೀಡಾ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗೋದು ಒಳ್ಳೆಯದು.

ಆರನೇ ನಂಬರ್:
ಎರಡನೇ ಎರರ್ ವಿಷಯಕ್ಕೆ ಬರ್ತೀನಿ. ಕ್ಯಾಲಿಫೋರ್ನಿಯಾದ ಫುಲರ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಕ್ರೀಡಾ ಮನಶ್ಶಾಸ್ತ್ರಜ್ಞ ಕೆನ್ ರವಿಝಾ ಆಟಗಾರರಿಗೆ ಆಟಿಕೆಯ ಪುಟ್ಟ ಟಾಯ್ಲೆಟ್ ಕೊಟ್ಟು, ಆದ ತಪ್ಪನ್ನು ಫ್ಲಷ್ ಮಾಡಿ ಬಿಡಿ ಅಂತ ಕಲಿಸ್ತಿದ್ದರು. ಹುಡುಗಾಟದಂತೆ ಕಂಡರೂ ಅದರ ಹಿಂದಿನ ವಿಚಾರ ಗಟ್ಟಿಯದ್ದು. ತಪ್ಪನ್ನು ಮರೆ ಅಂದರೆ ಯಾರಿಗೂ ಮರೆಯೋಕಾಗಲ್ಲ, ಕೈಯಲ್ಲಿ ಮಾಡುವ ಕೆಲಸ ಕೊಟ್ಟರೆ ಮನಸ್ಸು ಆ ಕಡೆ ತಿರುಗುತ್ತೆ.

ಮೈದಾನದಲ್ಲಿ ಹೀಗೆ: ಪ್ಲೇಟ್‌ಗೆ ಬೆನ್ನು ಹಾಕಿ ತಿರುಗು. ಔಟ್‌ಫೀಲ್ಡ್‌ನ ಹಳದಿ ಕಂಬವನ್ನೇ ನೋಡು. ಮೂಗಿನಿಂದ ಉಸಿರೆಳೆದು ಬಾಯಿಂದ ನಿಧಾನ ಬಿಡು. ಬಾಲ್ ಬಿದ್ದ ಜಾಗದ ಮಣ್ಣನ್ನು ಬೂಟಿನಿಂದ ಸಮ ಮಾಡು. ತಿರುಗಿ, ಜೊತೆಗಾರನಿಗೆ ಬೆರಳಲ್ಲಿ ಔಟ್ ಎಷ್ಟು ತೋರಿಸು. ಹತ್ತು ಸೆಕೆಂಡ್‌ನಲ್ಲಿ ಮುಗಿಯಬೇಕು. ಮೇಜರ್ ಲೀಗ್‌ನಲ್ಲೇ ಪಿಚ್ ಗಡಿಯಾರ (ಪಿಚರ್ ಎಸೆಯೋಕೆ ಇರುವ ಗಡುವು) ಬೇಸ್ ಖಾಲಿ ಇದ್ದಾಗ 15 ಸೆಕೆಂಡ್, ರನ್ನರ್ ಇದ್ದಾಗ 18. ಇದನ್ನು ಎರರ್ ಆದಾಗ ಮಾತ್ರ ಮಾಡಿದರೆ ಬರಲ್ಲ. ಅಭ್ಯಾಸದ ಖಾಲಿ ಪಿಚ್ ಸುತ್ತಿನಲ್ಲಿ ಬಿಟ್ಟ ಪ್ರತಿ ಬಾಲ್ ನಂತರವೂ ಮಾಡಿಸಿ.

ನಮ್ಮವರಿಗೆ ಅರ್ಥವಾಗುವ ಉದಾಹರಣೆ ಬೇಕಾದರೆ ದ್ರಾವಿಡ್ ಅವರ ಸ್ಲಿಪ್ ಫೀಲ್ಡಿಂಗ್ ನೆನೆಸಿಕೊಳ್ಳಿ. ಟೆಸ್ಟ್‌ನಲ್ಲಿ 210 ಕ್ಯಾಚ್. ದಿನಕ್ಕೆ 90 ಓವರ್, ಅಂದರೆ 540 ಬಾಲ್, ಕ್ಯಾಚ್ ಬರೋದು ಒಂದೋ ಎರಡೋ. ಸ್ಲಿಪ್‌ನವರು ಬಾಲ್‌ಗಳ ನಡುವೆ ಮಾತಾಡ್ತಾರೆ, ನೆಟ್ಟಗೆ ನಿಲ್ತಾರೆ, ಬೌಲರ್ ಓಡಿ ಬರುವಾಗ ಮತ್ತೆ ಬಗ್ಗುತ್ತಾರೆ. ಬಗ್ಗೋದೇ ಸ್ವಿಚ್.

ಅಪ್ಪ ಅಮ್ಮಂದಿರಿಗೆ ಒಂದೇ ಕೋರಿಕೆ. ಎರರ್ ಆದ ಕೂಡಲೇ ಬೇಲಿ ಆಚೆಯಿಂದ ಹೆಸರು ಹಿಡಿದು ಕೂಗಬೇಡಿ. ಅವನು ಕಂಬ ನೋಡಬೇಕಾದ ಹೊತ್ತಿನಲ್ಲಿ ನಿಮ್ಮ ಮುಖ ನೋಡ್ತಾನೆ. ಕಾರಿನಲ್ಲಿ ವಾಪಸ್ ಬರುವಾಗಲೂ ಆ ಮಾತು ಅವನೇ ಎತ್ತಿದರೆ ಸರಿ. ಯಾಂಕೀಸ್‌ನ ಹೆಸರಾಂತ ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್ 1993ರಲ್ಲಿ ಗ್ರೀನ್ಸ್‌ಬರೋ ಕೆಳಹಂತದ ತಂಡದಲ್ಲಿ 19 ವರ್ಷದವನಾಗಿ 56 ಎರರ್ ಮಾಡಿದ್ದ. ಆ ಶರತ್ಕಾಲದಲ್ಲಿ ಕೈಗೆ ಪೆಟ್ಟಾಗಿ ಬ್ಯಾಟ್ ಹಿಡಿಯೋಕಾಗದೆ, ಬ್ರಯಾನ್ ಬಟರ್‌ಫೀಲ್ಡ್ ಹತ್ತಿರ ವಾರಗಟ್ಟಲೆ ಬರೀ ಗ್ರೌಂಡರ್ ಕಲಿತ. ಮುಂದೆ ಐದು ಗೋಲ್ಡ್ ಗ್ಲೌ. ಆ 56 ನೋಡಿ ಯಾರಾದರೂ ಅವನನ್ನು ಔಟ್‌ಫೀಲ್ಡ್‌ಗೆ ಕಳಿಸಿದ್ದರೆ?

ಎಡಗೈ ಗ್ಲೌ:
ಕೊನೆಯದಾಗಿ, ಪಂದ್ಯದ ದಿನ ಮೈದಾನಕ್ಕೆ ಹೋದ ಮೇಲೆ ಎಷ್ಟು ಬಾಲ್ ಕೊಡಬೇಕು? ಮತ್ತೆ ಗ್ಲೌ ಅಳತೆ? ಬೆಳೆಯೋ ಮಕ್ಕಳು ಅಂತ ಎಲ್ಲರೂ 12 ಅಂಗುಲದ್ದು ಕೊಡಿಸ್ತಾರೆ.

ಹುಬ್ಬಳ್ಳಿ ಟು ಹ್ಯೂಸ್ಟನ್:
12 ಬ್ಯಾಡ್ರಿ. ಸೆಕೆಂಡ್ ಬೇಸ್‌ಗೆ 11.25, ಶಾರ್ಟ್‌ಸ್ಟಾಪ್‌ಗೆ 11.5, ಥರ್ಡ್‌ಗೆ 11.75. ದೊಡ್ಡ ಗ್ಲೌದಾಗ ಬಾಲು ಆಳಕ್ಕ ಹೋಗಿ ಕುಂದರ್ತದ, ಕೈ ಹಾಕಿ ಹುಡುಕೂದ್ರಾಗ ಟ್ರಾನ್ಸ್‌ಫರ್ ಕೆಡ್ತದ. ಪಂದ್ಯಕ್ಕ ಮೊದಲ ದಾರದ ಗಂಟು ಎಲ್ಲಾ ಜಗ್ಗಿ ನೋಡ್ರಿ, ಬಲೀ ಸಡಲ ಆಗಿದ್ರ ಬಿಗೀರಿ.

ಅವತ್ತು ಒಬ್ಬಬ್ಬರಿಗೆ 15, 20 ಬಾಲು ಸಾಕು. ಎದುರಿಗೆ, ಎಡಕ್ಕ, ಬಲಕ್ಕ, ನಿಧಾನದ್ದು ಎರಡು. ಅದಕ್ಕಿಂತ ಮೊದಲ ಹುಡುಗ ತನ್ನ ಜಾಗಾ ತಾನ ನಡದು ನೋಡಬೇಕು. ಹುಲ್ಲು ಮುಗದು ಮಣ್ಣು ಶುರು ಆಗೂ ಅಂಚಿನಾಗ ಮಣ್ಣು ಕೂಡಿ ದಿಬ್ಬ ಆಗಿರ್ತದ, ಅಲ್ಲಿ ತಾಗಿದ ಬಾಲು ಎದ್ದು ಎದಿಗೆ ಬರ್ತದ. ಆ ಅಂಚಿನ ಮ್ಯಾಲೆ ಕೈಲೆ ನಾಕು ಬಾಲು ಉರುಳಿಸಿ, ಹೆಂಗ ಏಳ್ತಾವ ನೋಡ್ಕೊಳ್ಳಲಿ. ಕಲ್ಲು ಇದ್ರ ಆರಿಸಿ ಬೇಲಿ ಆಚಿಗೆ ಒಗೀಲಿ. ನೀರು ಹೊಡದ ಮೈದಾನ ಇದ್ರ ಮದಲ ಎರಡ್ ಇನಿಂಗ್ಸ್ ಪುಟ ಕೆಳಗ ಉಳೀತಾವ, ಬಿಸಲಿಗೆ ಒಣಗಿದ ಮ್ಯಾಲೆ ಐದನೇ ಇನಿಂಗ್ಸ್‌ದಾಗ ಅದ ಜಾಗಾ ಬ್ಯಾರೆ ಆಗಿರ್ತದ. ಆವಾಗ ಮತ್ತೊಮ್ಮೆ ಬೂಟಿಲೆ ಕೆದರಿ ನೋಡಾಕ ಹೇಳ್ರಿ.